ಚಿರಂತ್‌ಗೆ ಏನಿಷ್ಟ

ಏಪ್ರಿಲ್ 15, 2007, ಭಾನುವಾರ

ಬೇರಿಂಗ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಫ್ರಿಜ್ಜಿನ ಮೇಲೆ ಧೂಳು ಹಿಡಿದು ಬಿದ್ದಿತ್ತು. ಇವತ್ತು ಒರೆಸಿ ಇಳಿಸಿಕೊಂಡೆ.

ಬೆಳಿಗ್ಗೆ ಲಾವಣ್ಯಾಳನ್ನು ಧೌಲಾ ಕುವಾಂನಲ್ಲಿ ಜೈಪುರದ ಬಸ್ಸಿಗೆ ಹತ್ತಿಸಿ ಬಂದೆ. ಬ್ಯಾಂಕಿನಲ್ಲಿ ಬಡ್ತಿ, ಅದರ ಜೊತೆಗೇ ಎರಡು ವರ್ಷದ ವರ್ಗ. ಅವಳ ಬ್ರಾಂಚಿಗೆ ಹತ್ತಿರವಾಗಲಿ ಎಂದು ದಿಲ್ಲಿಯ ಈ ದ್ವಾರಕಾದಲ್ಲಿ ಮನೆ ಮಾಡಿದ್ದೆವು. ಈಗ ಅವಳು ಜೈಪುರದಲ್ಲಿ, ನನ್ನ ಕಾರ್ಖಾನೆ ಎಂದಿನಂತೆ ಫರೀದಾಬಾದಿನಲ್ಲಿ, ಮನೆ ಮಾತ್ರ ಇಲ್ಲಿ. ಮನೆಯೊಳಗೆ ನಾನು ಮತ್ತು ಚಿರಂತ್. ಅವನಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು.

ಬಸ್ಸು ಹೊರಡುವಾಗ ಕಿಟಕಿಯಿಂದ ಲಾವಣ್ಯಾ ಹೇಳಿದ್ದು ಒಂದೇ ಮಾತು. "ರೀ, ಅವನನ್ನ ಯಾವುದಕ್ಕಾದ್ರೂ ಸೇರಿಸಿ. ಯಾವುದಾದ್ರೂ ಸರಿ, ಒಂದಕ್ಕೆ."

ಅವಳ ಚಿಂತೆ ನನ್ನದೂ ಹೌದು. ಹುಡುಗ ತಂಟೆಕೋರನಲ್ಲ. ಮಾರ್ಕ್ಸು ಪ್ರತಿ ಸಲ ಕ್ಲಾಸಿನ ನಟ್ಟನಡುವೆ ಬಂದು ನಿಲ್ಲುತ್ತದೆ. ಟಿವಿಯ ಹುಚ್ಚಿಲ್ಲ, ಕಂಪ್ಯೂಟರ್ ಗೇಮಿನ ಹುಚ್ಚೂ ಇಲ್ಲ. ಅದಿದ್ದಿದ್ದರೆ ಬೈಯುವುದಕ್ಕಾದರೂ ಒಂದು ದಾರಿ ಇರುತ್ತಿತ್ತು. ದಿವಾನದ ಮೇಲೆ ಅಂಗಾತ ಮಲಗಿ ಕಾಲು ಗೋಡೆಗೆ ಆನಿಸಿಕೊಂಡಿರುತ್ತಾನೆ. ಏನು ಮಾಡ್ತಿದ್ದೀಯೋ ಎಂದರೆ "ಕುಛ್ ನಹೀಂ." ಬೇಜಾರಾಗ್ತಿದೆಯಾ ಎಂದರೆ "ಇಲ್ಲ." ಆ ಎರಡನೇ ಉತ್ತರವೇ ನನ್ನನ್ನು ಹೆದರಿಸುವುದು.

ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಟ್ರಯಲ್ ತೆಗೆಯುತ್ತೇವೆ. ಇಲ್ಲೂ ಹಾಗೇ ಮಾಡುವುದು. ಒಂದೊಂದೇ ಹವ್ಯಾಸ ಕೊಟ್ಟು ನೋಡುವುದು, ಯಾವುದಕ್ಕೆ ಕುದುರುತ್ತಾನೋ ಅದನ್ನು ಹಿಡಿದುಕೊಳ್ಳುವುದು. ಪ್ರಗತಿಯನ್ನು ಇಲ್ಲಿ ಬರೆದಿಡುತ್ತೇನೆ.

ಏಪ್ರಿಲ್ 22, ಭಾನುವಾರ

ಮೊದಲನೆಯದು ಕೀಬೋರ್ಡ್. ಮಾರ್ಕೆಟ್ಟಿನ ಮಹಡಿ ಮೇಲೆ ಮಸೀಹ್ ಸರ್ ಎನ್ನುವವರು ಕಲಿಸುತ್ತಾರೆ. ಹೋಗ್ತೀಯಾ ಎಂದು ಕೇಳಿದೆ. "ಓಕೆ" ಎಂದ.

ಈ ಓಕೆ ಅನ್ನುವ ಪದವನ್ನು ಅರ್ಥ ಮಾಡಿಕೊಳ್ಳಬೇಕು. ಹಾಗಲಕಾಯಿ ಪಲ್ಯಕ್ಕೂ ಓಕೆ, ಐಸ್‌ಕ್ರೀಮಿಗೂ ಓಕೆ. ಚಂದ್ರಲೋಕಕ್ಕೆ ಕಳಿಸುತ್ತೇನೆ ಎಂದರೂ ಚಪ್ಪಲಿ ಹಾಕಿಕೊಂಡು ಓಕೆ ಅಂದಾನು.

ಮೇ 6, ಭಾನುವಾರ

ಕೀಬೋರ್ಡ್ ಮುಗಿಯಿತು. ಮಸೀಹ್ ಸರ್ ಫೋನ್ ಮಾಡಿ, ಮಗು ತುಂಬಾ ಒಳ್ಳೆಯದು, ಆದರೆ ಬೆರಳಿಗೆ ಕೆಲಸ ಕೊಡುವುದಿಲ್ಲ ಎಂದರು. ಏನಾದರೂ ಕಲಿತೆಯಾ ಎಂದು ಕೇಳಿದೆ. ಚಿರಂತ್ ಸ್ವಲ್ಪ ಯೋಚಿಸಿ, "ಅಪ್ಪ, ಮಸೀಹ್ ಸರ್ ಶಾದಿ ಸೀಸನ್‌ನಲ್ಲಿ ಬ್ಯಾಂಡಲ್ಲಿ ನುಡಿಸ್ತಾರೆ, ಪತಾ ಹೈ? ಅವರ ಮಮ್ಮಿಗೆ ಅದು ಇಷ್ಟ ಇಲ್ಲ. ಚರ್ಚಲ್ಲಿ ನುಡಿಸೋ ಕೈಯಲ್ಲಿ ಅದನ್ನ ನುಡಿಸ್ಬೇಡ ಅಂತಾರೆ. ಅದಕ್ಕೆ ಸರ್ ಬ್ಯಾಂಡ್ ಕಾ ಕೋಟ್ ದೋಸ್ತ್ ಮನೇಲಿ ಇಟ್ಟಿದ್ದಾರೆ" ಎಂದ.

ನಾನು ಕೇಳಿದ್ದು ಸರಿಗಮ.

ಮೇ 23, ಬುಧವಾರ

ಬೇಸಿಗೆ ರಜೆ. ಎರಡನೆಯದು ಈಜು. ಸ್ಪೋರ್ಟ್ಸ್ ಕಾಂಪ್ಲೆಕ್ಸಿನಲ್ಲಿ ಬೆಳಗಿನ ಬ್ಯಾಚು. ಇವತ್ತು ರಜೆ ಹಾಕಿ ನಾನೇ ನೋಡಲು ಹೋದೆ. ಎಲ್ಲ ಮಕ್ಕಳೂ ನೀರಿನಲ್ಲಿ, ನಮ್ಮವನು ದಡದ ಮೇಲೆ. ಕಾಲು ಮಾತ್ರ ನೀರಿನಲ್ಲಿ. ಪಕ್ಕದಲ್ಲಿ ಕೋಚ್ ರಾವತ್ ಸರ್, ಸೀಟಿಯನ್ನು ಕೊರಳಿಗೆ ಇಳಿಬಿಟ್ಟುಕೊಂಡು ಏನೋ ಹೇಳುತ್ತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು ಸೀಟಿ ಊದಿದರು.

ಕಾರಿನಲ್ಲಿ ಬರುವಾಗ ನಾನು ಮುಖ ಗಂಟಿಕ್ಕಿಕೊಂಡಿದ್ದೆ. ಅವನಿಗೆ ಅದು ತಿಳಿಯಲಿಲ್ಲವೋ, ತಿಳಿದೂ ಬಿಟ್ಟನೋ. "ರಾವತ್ ಸರ್ ಊರಲ್ಲಿ ಮನೆ ಕೆಳಗೇ ನದಿ ಇತ್ತಂತೆ. ಅವರ ಭಾಯಿ ಅದರಲ್ಲಿ ಹೋಗಿಬಿಟ್ಟ. ಅದಕ್ಕೆ ಮನೇಲಿ ಯಾರೂ ಅವರನ್ನ ನೀರ್ ಹತ್ರ ಬಿಡ್ತಿರಲಿಲ್ಲ. ದಿಲ್ಲಿಗೆ ಬಂದು ಛುಪ್‌ಕೇ ಸೇ ಕಲಿತಿದ್ದು. ಮನೇಲಿ ಅಭೀ ಭೀ ಅವರು ಪಿಟಿ ಟೀಚರ್ ಅಂತಾನೇ ತಿಳ್ಕೊಂಡಿದ್ದಾರೆ."

"ನೀನು ಯಾವಾಗ ನೀರಿಗೆ ಇಳಿಯೋದು?"

"ಕಲ್" ಎಂದ.

ಜೂನ್ 10, ಭಾನುವಾರ

ಆ ಕಲ್, ಆ ನಾಳೆ, ಬರಲೇ ಇಲ್ಲ. ಈಜು ಮುಗಿಯಿತು.

ನಿನ್ನೆ ರಾತ್ರಿ ಲಾವಣ್ಯಾ ಬಂದಿದ್ದಳು, ಸಂಜೆ ಹೊರಟುಹೋದಳು. ಮಧ್ಯಾಹ್ನ ಕರೆಂಟು ಹೋಗಿ ಇನ್ವರ್ಟರೂ ಕೈಕೊಟ್ಟು ಮೂವರೂ ನೆಲದ ಮೇಲೆ ಬಿದ್ದುಕೊಂಡಿದ್ದೆವು. ಎದುರು ಮನೆಯ ಅಪೂರ್ವ ಸ್ಕೇಟಿಂಗಿನಲ್ಲಿ ಇನ್ನೊಂದು ಮೆಡಲ್ ತಂದಿದ್ದಾಳೆ. ಅವಳಿಗೂ ಹನ್ನೊಂದೇ ವರ್ಷ. ಭರತನಾಟ್ಯ ಬೇರೆ. ಅವಳ ತಾಯಿ ಬಾಗಿಲು ತಟ್ಟಿ ಪೇಢಾ ಕೊಟ್ಟು ಹೋದರು. ಪೇಢಾ ತಿನ್ನುತ್ತಾ ನಾನು ಮಾತು ತೆಗೆದೆ. ನಮ್ಮ ಆಫೀಸಿನ ಜಗನ್ನಾಥನ ಮಗ ಹಿಮಾಚಲದ ಸೋಲನ್ ಹತ್ತಿರ ಬೋರ್ಡಿಂಗ್ ಶಾಲೆಯಲ್ಲಿದ್ದಾನೆ. ಹೋಗುವಾಗ ಇಲಿಮರಿಯಂತಿದ್ದವನು ಈಗ ಬ್ಯೂಗಲ್ ಊದುತ್ತಾನೆ, ಕುದುರೆ ಹತ್ತುತ್ತಾನೆ.

ಲಾವಣ್ಯಾ ಎದ್ದು ಕೂತಳು. "ಹನ್ನೊಂದು ವರ್ಷದ ಮಗೂನ ಹಾಸ್ಟೆಲ್ಲಿಗೆ ಹಾಕೋದಾ? ನಾನಿಲ್ಲ ಅಂದ್ಕೊಂಡು ಅವನನ್ನೂ ಸಾಗಿಸ್ತಿದ್ದೀರಾ?"

"ಅಲ್ಲಿ ಒಂದು ಶಿಸ್ತು ಇರುತ್ತೆ. ಬೆಳಿಗ್ಗೆಯಿಂದ ಸಂಜೆವರೆಗೆ ಏನಾದ್ರೂ ಮಾಡಿಸ್ತಾನೇ ಇರ್ತಾರೆ."

"ನೀವು ಮನೇಲಿ ಇರ್ತೀರಿ, ನೀವೇ ನೋಡಿ" ಎಂದು ತಿರುಗಿ ಮಲಗಿದಳು.

ಚಿರಂತ್‌ನನ್ನು ಕೇಳಿದೆ. ಓಕೆ ಎಂದ.

ಜೂನ್ 26, ಮಂಗಳವಾರ

ಕ್ರಿಕೆಟ್ ಕೋಚಿಂಗ್: ನಾಲ್ಕು ದಿನ. ಚಿತ್ರಕಲೆ: ಎರಡು ದಿನ. ಬಣ್ಣದ ಡಬ್ಬಿ ಅಪೂರ್ವಳಿಗೆ ಕೊಟ್ಟುಬಿಟ್ಟನಂತೆ. ಸೋಲನ್ ಶಾಲೆಗೆ ಪತ್ರ ಬರೆದಿದ್ದೇನೆ.

ಜುಲೈ 22, ಭಾನುವಾರ

ಬಿ ಬ್ಲಾಕಿನ ಅನಂತರಾಮ್ ರೈಲ್ವೆಯಿಂದ ನಿವೃತ್ತರಾದವರು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಕನ್ನಡದವರೆಂದರೆ ಅವರದು ಮತ್ತು ನಮ್ಮದು, ಎರಡೇ ಮನೆ. ಶನಿವಾರ ಭಾನುವಾರ ಮಕ್ಕಳಿಗೆ ಚೆಸ್ ಕಲಿಸುತ್ತಾರೆ. ಮೂರು ವಾರದಿಂದ ಚಿರಂತ್ ಹೋಗುತ್ತಿದ್ದಾನೆ. ತಾನಾಗಿಯೇ ಹೋಗುತ್ತಾನೆ, ನಾನು ನೆನಪಿಸಬೇಕಿಲ್ಲ. ಕೊನೆಗೂ ಒಂದು ಹತ್ತಿತು ಎಂದು ಇವತ್ತು ವಿಚಾರಿಸಲು ಹೋದೆ.

"ಆಟಾನಾ?" ಎಂದರು ಅನಂತರಾಮ್. "ಆಟ ಬರೋದಿಲ್ಲ. ರಾಣಿ ಹೋದ್ರೂ ಅವನಿಗೆ ದುಃಖ ಇಲ್ಲ. ಆದ್ರೆ ಕಳಿಸ್ತಿರಿ."

ಒಳಗೆ ನೋಡಿದರೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಗಿರಿಜಮ್ಮನವರ ಜೊತೆ ಗೋರಿಕಾಯಿ ನಾರು ತೆಗೆಯುತ್ತಿದ್ದಾನೆ. ಗಿರಿಜಮ್ಮನವರಿಗೆ ಮಂಡಿ ನೋವು, ಕೆಳಗಿಳಿಯುವುದು ಕಡಿಮೆ. ಹಿಂದಿ ಇವತ್ತಿಗೂ ಅಷ್ಟಕ್ಕಷ್ಟೇ. "ಪುಟ್ಟ, ಆಮೇಲೆ ಆ ಲಿಫ್ಟಿನ ಹುಡುಗಿ ಕತೆ ಏನಾಯ್ತೋ?" ಎಂದು ಕೇಳುತ್ತಿದ್ದರು. ಇವನು ಹೇಳುತ್ತಿದ್ದ. ಕನ್ನಡದಲ್ಲಿ, ತಡವರಿಸಿಕೊಂಡು, ಆದರೆ ಬಿಡದೆ.

ಮನೆಗೆ ಬಂದು ಊಟಕ್ಕೆ ಕೂತಾಗ, "ಅಪ್ಪ, ಹುಳಿಗೆ ಉಪ್ಪು ಒಂದು ಚೂರು ಜಾಸ್ತಿ ಬಿದ್ದಿದೆ" ಎಂದ. ವಾಕ್ಯ ಪೂರ್ತಿ ಕನ್ನಡ. ಉಪ್ಪು ಜಾಸ್ತಿಯಾಗಿದ್ದೂ ನಿಜ.

ಚೆಸ್: ಪ್ರಗತಿ ಇಲ್ಲ.

ಆಗಸ್ಟ್ 16, ಗುರುವಾರ

ನಿನ್ನೆ ಸ್ವಾತಂತ್ರ್ಯ ದಿನ. ಸೊಸೈಟಿಯ ಎಲ್ಲ ಮಕ್ಕಳೂ ಟೆರೇಸಿನ ಮೇಲೆ ಗಾಳಿಪಟ ಹಾರಿಸುತ್ತಿದ್ದರು. ನಾನೂ ಒಂದು ಕಟ್ಟು ಪಟ, ಹೊಸ ದಾರ ಎಲ್ಲಾ ತಂದಿದ್ದೆ. ಚಿರಂತ್ ಒಂದು ಪಟವನ್ನೂ ಹಾರಿಸಲಿಲ್ಲ. ಬೇರೆಯವರ ದಾರದ ಚರಖಿ ಹಿಡಿದುಕೊಂಡು ನಿಂತಿದ್ದ. ವಿಚಿತ್ರವೆಂದರೆ, ಅವನೇ ಹಿಡಿಯಬೇಕೆಂದು ಹುಡುಗರು ಜಗಳವಾಡುತ್ತಿದ್ದರು. ಪಟ ಕಡಿದುಹೋದ ಹುಡುಗ ಅವನ ಪಕ್ಕದಲ್ಲಿ ಬಂದು ಕೂರುತ್ತಿದ್ದ.

ಕೊನೆಗೆ ನಾನು ತಂದ ಪಟಗಳನ್ನು ನಾನೇ ಹಾರಿಸಿದೆ. ಚರಖಿ ಅವನು ಹಿಡಿದ. ದಾರಕ್ಕೆ ನನ್ನ ಕೈ ಕುಯ್ದುಹೋಯಿತು, ಆದರೆ ಸಿ ಬ್ಲಾಕಿನವರ ಎರಡು ಪಟ ಕಡಿದೆ.

ಇವತ್ತು ಆರಕ್ಕೇ ಮನೆಗೆ ಬಂದೆ. ದಾರಿಯಲ್ಲಿ ಟ್ರಾಫಿಕ್ ಇರಲಿಲ್ಲ.

ಸೆಪ್ಟೆಂಬರ್ 4, ಮಂಗಳವಾರ

ಊಟದ ಹೊತ್ತಿನಲ್ಲಿ ಅವನು ವರದಿ ಒಪ್ಪಿಸುವುದು ಈಚೆಗೆ ರೂಢಿಯಾಗಿದೆ. ಗೇಟಿನ ಗಾರ್ಡು ಊರಿಗೆ ಹೋದದ್ದು ಯಾಕೆ, ಅಡುಗೆಯ ಬಿಮಲಾ ದೀದಿಯ ಅಕ್ಕ ದೇವರ ಕೋಣೆಗೆ ಬೀಗ ಹಾಕಿಟ್ಟಿರುವುದು ಯಾಕೆ. ಟಿವಿಯ ವಾರ್ತೆಗಿಂತ ಇದು ವಾಸಿ. ಕನಿಷ್ಠ ಮುಂದೇನಾಯಿತು ಎಂದು ಮರುದಿನ ತಿಳಿಯುತ್ತದೆ.

ನಿನ್ನೆ ಅವನೇ ಕೇಳಿದ. "ಅಪ್ಪ, ನಿಮ್ಮ ಫ್ಯಾಕ್ಟರೀಲಿ ಯಾರ್ಯಾರಿದ್ದಾರೆ?"

ಪ್ರೊಡಕ್ಷನ್ ಮ್ಯಾನೇಜರ್, ಕ್ವಾಲಿಟಿ, ಇಬ್ಬರು ಫೋರ್‌ಮನ್ ಎಂದು ಶುರು ಮಾಡಿದೆ.

"ಅದಲ್ಲ. ಅವರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ" ಎಂದೆ. ಅವನು ಅನ್ನ ಕಲಸತೊಡಗಿದ. ಅವನು ಕೀಬೋರ್ಡ್ ಕಲಿತದ್ದನ್ನು ಕೇಳಿದಾಗ ನನ್ನ ಮುಖ ಹೇಗಿತ್ತೋ, ಅವನದೂ ಹಾಗೇ ಇತ್ತು.

ಅದಕ್ಕೇ ಇವತ್ತು ಫೋರ್‌ಮನ್ ಧರಮ್‌ವೀರ್‌ನನ್ನು ಕೇಳಿದೆ. ಮಂಗಳವಾರ ಮಾತ್ರ ಅವನು ಬೆಳಗಿನ ಶಿಫ್ಟ್ ಒಲ್ಲೆ ಎನ್ನುತ್ತಾನೆ, ಯಾಕಯ್ಯಾ ಎಂದು. ಅವನಿಗೆ ನಾಚಿಕೆಯಾಯಿತು. ಮಂಗಳವಾರ ಹೆಂಡತಿಗೆ ಉಪವಾಸವಂತೆ. "ಹಸಿದವಳ ಕೈಲಿ ನನಗೆ ರೊಟ್ಟಿ ಮಾಡಿಸೋದು ಸರಿಯಲ್ಲ ಸಾಹೇಬ್. ಆ ದಿನ ಮಕ್ಕಳ ಡಬ್ಬಿಯೆಲ್ಲಾ ನಾನೇ ಕಟ್ಟೋದು. ಶಾಪ್ ಫ್ಲೋರ್‌ನಲ್ಲಿ ಯಾರಿಗೂ ಹೇಳಬೇಡಿ" ಎಂದ. ರೊಟ್ಟಿ ದುಂಡಗೆ ಬರುತ್ತದೆಯೇ ಎಂದು ಕೇಳಿದೆ. ಈಗ ಬರುತ್ತದಂತೆ, ಮೊದಲಿಗೆ ಬರುತ್ತಿರಲಿಲ್ಲವಂತೆ.

ಇದನ್ನು ಹೇಳಿದಾಗ ಚಿರಂತ್ ಊಟ ನಿಲ್ಲಿಸಿ ಕೇಳಿದ. ಹೆಂಡತಿಯ ಹೆಸರೇನು ಎಂದ. ಕೇಳಿಲ್ಲವಲ್ಲ ಎಂದೆ. ನಾಳೆ ಕೇಳಬೇಕು.

ಸೆಪ್ಟೆಂಬರ್ 25, ಮಂಗಳವಾರ

ನಿನ್ನೆ ಇಂಡಿಯಾ ಟ್ವೆಂಟಿ-ಟ್ವೆಂಟಿ ಗೆದ್ದಿತು. ಇಡೀ ಸೊಸೈಟಿ ಕ್ಲಬ್ ರೂಮಿನ ಟಿವಿ ಮುಂದೆ ಸೇರಿತ್ತು. ಕೊನೆಯ ಓವರಿನಲ್ಲಿ ಎಲ್ಲರೂ ಟಿವಿ ನೋಡುತ್ತಿದ್ದರೆ ಚಿರಂತ್ ತಿರುಗಿ ಕೂತು ಎಲ್ಲರನ್ನೂ ನೋಡುತ್ತಿದ್ದ. ಅನಂತರಾಮ್ ಕಣ್ಣು ಮುಚ್ಚಿಕೊಂಡು ರಾಮ ರಾಮ ಎನ್ನುತ್ತಿದ್ದರಂತೆ. ನಾನು ಪಕ್ಕದವರ ತೊಡೆ ಹಿಡಿದುಕೊಂಡಿದ್ದೆನಂತೆ. ಅವರು ಯಾರೆಂದು ನನಗೆ ಇನ್ನೂ ಗೊತ್ತಾಗಿಲ್ಲ.

ಅಕ್ಟೋಬರ್ 14, ಭಾನುವಾರ

ಲಾವಣ್ಯಾ ಬಂದಿದ್ದಾಳೆ. ಸೋಲನ್ ಶಾಲೆಯ ಅರ್ಜಿ ತುಂಬಿ ಕಳಿಸುವ ಹೊತ್ತು. ಈಗ ಅವಳೇ ಪಟ್ಟು ಹಿಡಿದಿದ್ದಾಳೆ.

"ನೀವು ಜೂನಲ್ಲಿ ಹೇಳಿದ್ದು ಸರಿ ಅನ್ನಿಸ್ತಿದೆ. ಬಿಮಲಾ ದೀದಿ ಐದಕ್ಕೆ ಹೊರಟುಬಿಡ್ತಾಳೆ, ಆಮೇಲೆ ಮಗು ಒಂದೇ. ನನಗೆ ಅಲ್ಲಿ ಕ್ಯಾಬಿನ್ನಲ್ಲಿ ಕೂತು ಅದೇ ಯೋಚನೆ."

ನಾನು ಅವಸರ ಬೇಡ ಎಂದೆ. ಬೆಟ್ಟದ ಮೇಲೆ ವಿಪರೀತ ಚಳಿ, ಅವನಿಗೆ ಟಾನ್ಸಿಲ್. ಮೆಸ್ಸಿನಲ್ಲಿ ಅನ್ನ ದಿನಾ ಮಾಡುತ್ತಾರೋ ಇಲ್ಲವೋ. ದಾರಿಯೂ ಬರೀ ತಿರುವು, ಇವನಿಗೆ ವಾಂತಿಯಾಗುತ್ತದೆ.

"ಜೂನಲ್ಲೂ ಆ ದಾರಿ ಹಾಗೇ ಇತ್ತಲ್ಲ" ಎಂದಳು.

"ಜೂನಲ್ಲಿ ಸೆಕೆ ಇತ್ತು" ಎಂದೆ. ಆ ಉತ್ತರ ಯಾಕೆ ಕೊಟ್ಟೆನೋ, ಅವಳು ನಗುತ್ತಲೇ ಇದ್ದಳು.

ಅರ್ಜಿ ಕಳಿಸಿದ್ದಾಯಿತು. ಪರೀಕ್ಷೆ ಬರೆಯುವುದರಿಂದ ನಷ್ಟವೇನಿಲ್ಲ.

ಹೋಗುವಾಗ ಇನ್ನೊಂದು ಮಾತು ಹೇಳಿದಳು. "ಮೊದಲು ನಿಮ್ಮ ಫೋನು ಎರಡು ನಿಮಿಷಕ್ಕೆ ಮುಗೀತಿತ್ತು. ಈಗ ನನ್ನ ಮೊಬೈಲ್ ಬಿಸಿಯಾಗೋವರೆಗೂ ಮಾತಾಡ್ತೀರಿ." ಕರೆ ದರ ಇಳಿದಿದೆಯಲ್ಲ, ಅದರಿಂದ.

ನವೆಂಬರ್ 10, ಶನಿವಾರ

ನಿನ್ನೆ ದೀಪಾವಳಿ. ಎರಡು ಮನೆಗೆ ಸ್ವೀಟ್ ಕೊಟ್ಟು ಬರೋಣ ಎಂದು ನಾನೂ ಚಿರಂತ್‌ನೂ ಹೊರಟೆವು. ಲಾವಣ್ಯಾ ಕಜ್ಜಾಯ ಕರಿಯುತ್ತಾ ಬೇಗ ಬನ್ನಿ ಎಂದಳು. ಪ್ರತಿ ಮಹಡಿಯಲ್ಲೂ ಯಾರೋ ಬಾಗಿಲು ತೆಗೆದು "ಅರೆ ಚಿರೂ" ಎನ್ನುವುದು, ಒಳಗೆ ಕರೆದು ಕೂರಿಸುವುದು. ನಾನು ಹಿಂದೆ ಡಬ್ಬ ಹಿಡಿದುಕೊಂಡು. ನನ್ನನ್ನು ಎಲ್ಲರಿಗೂ ಅವನೇ ಪರಿಚಯ ಮಾಡಿಕೊಟ್ಟ. ಏಳು ವರ್ಷದಿಂದ ಇದೇ ಕಟ್ಟಡದಲ್ಲಿದ್ದೇನೆ.

ಸೆಪ್ಟೆಂಬರಿನಲ್ಲಿ ನಾನು ತೊಡೆ ಹಿಡಿದದ್ದು ನಾಲ್ಕನೇ ಮಹಡಿಯ ಸಕ್ಸೇನಾ ಅವರದು. ಅವರು ಮರೆತಿಲ್ಲ.

ಡಿಸೆಂಬರ್ 2, ಭಾನುವಾರ

ಸೋಲನ್ನಿನಿಂದ ವಾಪಸು ಬಂದೆವು. ಶುಕ್ರವಾರ ಹೋದದ್ದು, ಲಾವಣ್ಯಾ ಕೂಡ ರಜೆ ಹಾಕಿ ಬಂದಿದ್ದಳು. ಎಲ್ಲಾ ಬರೆಯುತ್ತೇನೆ.

ದಾರಿಯಲ್ಲಿ ಅವನಿಗೆ ವಾಂತಿಯಾಗಲಿಲ್ಲ. ನನಗೆ ಆಯಿತು.

ನಿನ್ನೆ ಬೆಳಿಗ್ಗೆ ಲಿಖಿತ ಪರೀಕ್ಷೆ, ಆಮೇಲೆ ಪ್ರಿನ್ಸಿಪಾಲರ ಜೊತೆ ಸಂದರ್ಶನ. ಸ್ವೆಟರು ಹಾಕಿ ತಲೆ ಬಾಚಿದ ಮಕ್ಕಳೆಲ್ಲಾ ಸಾಲಾಗಿ ಕೂತಿದ್ದವು. ಒಬ್ಬನ ಕೈಯಲ್ಲಿ ವಯೊಲಿನ್ ಪೆಟ್ಟಿಗೆ, ಇನ್ನೊಬ್ಬನ ಕೊರಳಲ್ಲಿ ಕರಾಟೆ ಮೆಡಲ್ಲು. ನಮ್ಮವನ ಕೈಯಲ್ಲಿ ಅರ್ಧ ತಿಂದ ಕಿತ್ತಳೆ. ಏನಾದರೂ ಹವ್ಯಾಸ ಕೇಳಿದರೆ ಚೆಸ್ ಅಂತ ಹೇಳು ಎಂದು ಲಾವಣ್ಯಾ ಕಿವಿಯಲ್ಲಿ ಹೇಳಿದಳು. "ಬಟ್ ನನಗೆ ಚೆಸ್ ಬರಲ್ಲ" ಎಂದ.

ಒಳಗೆ ಹೋದ ಮಕ್ಕಳು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಿದ್ದವು. ಚಿರಂತ್ ಹೋದವನು ಬರಲಿಲ್ಲ. ಲಾವಣ್ಯಾ ಕರವಸ್ತ್ರ ಹಿಂಡುತ್ತಿದ್ದಳು. ಬೈಯುತ್ತಿದ್ದಾರೇನೋ ಎಂದು ನನಗೂ ಅನ್ನಿಸಿತು. ಕೊನೆಗೆ ಬಾಗಿಲು ತೆರೆದು ಇಬ್ಬರೂ ಬಂದರು. ಪ್ರಿನ್ಸಿಪಾಲರು ಅವನ ಹೆಗಲ ಮೇಲೆ ಕೈಯಿಟ್ಟು ಇನ್ನೂ ಮಾತಾಡುತ್ತಲೇ ಇದ್ದರು. ಅವರು ಶಿಲ್ಲಾಂಗಿನವರು, ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅವರ ನಾಯಿ ಓಡಿಹೋಗಿತ್ತು, ಅದನ್ನು ಹುಡುಕುತ್ತಾ ಹೋಗಿಯೇ ಇಲ್ಲಿನ ಹಳ್ಳಿಯವರ ಪರಿಚಯವಾದದ್ದು. ಇದೆಲ್ಲಾ ನನಗೆ ಆಮೇಲೆ ಚಿರಂತ್‌ನಿಂದ ತಿಳಿಯಿತು. ನಮ್ಮನ್ನು ಕಂಡು ಅವರು ಮಾತು ನಿಲ್ಲಿಸಿ ಗಡಿಯಾರ ನೋಡಿದರು. "ಇವನನ್ನು ನಾನು ಏನನ್ನೂ ಕೇಳಲೇ ಇಲ್ಲವಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಮಗುವನ್ನು ಕರೆದರು.

ಮಧ್ಯಾಹ್ನ ಶಾಲೆ ತೋರಿಸುತ್ತೇವೆಂದು ಸುತ್ತಾಡಿಸಿದರು. ಕುದುರೆ ಲಾಯ, ಈಜುಕೊಳ, ಸಂಗೀತದ ಕೋಣೆ. ಎಲ್ಲಾ ನೋಡುವಷ್ಟರಲ್ಲಿ ಚಿರಂತ್ ನಾಪತ್ತೆ. ಹುಡುಕಿದರೆ ಡಾರ್ಮಿಟರಿಯಲ್ಲಿ ಸಿಕ್ಕ. ಉದ್ದನೆಯ ಹಾಲು, ಎರಡೂ ಕಡೆ ಮಂಚಗಳ ಸಾಲು. ಒಂದು ಮಂಚದ ಮೇಲೆ ಅವನೂ ಇನ್ನೂ ಐದಾರು ಹುಡುಗರೂ ರಜಾಯಿಯೊಳಗೆ ಕಾಲು ತೂರಿಸಿಕೊಂಡು ಕೂತಿದ್ದರು. ಕಡಲೆಕಾಯಿ ಸಿಪ್ಪೆ ಎಲ್ಲೆಲ್ಲೂ.

"ಅಪ್ಪ, ಇವನು ತವಾಂಗ್‌ನವನು, ಇವನ ಮನೆಗೆ ಹೋಗಕ್ಕೆ ನಾಲ್ಕು ದಿನ ಬೇಕು" ಎಂದ. "ಇವನ ಪಾಪಾ ಹಡಗಲ್ಲಿ ಇರ್ತಾರೆ. ರಾತ್ರಿ ಲೈಟ್ ಆಫ್ ಆದ್ಮೇಲೂ ಇವರೆಲ್ಲಾ ಬಾತೇಂ ಮಾಡ್ತಾರಂತೆ."

ಇವತ್ತು ವಾಪಸು ಬರುವಾಗ ರೈಲಿನಲ್ಲಿ ಲಾವಣ್ಯಾ ತೂಕಡಿಸುತ್ತಿದ್ದಳು. ಚಿರಂತ್ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದ. "ಅಪ್ಪ, ನನಗೆ ಆ ಶಾಲೆ ಬೇಕು."

ಇವನು ಬೇಕು ಅಂದದ್ದನ್ನು ನಾನು ಕೇಳಿದ ನೆನಪಿಲ್ಲ.

ಒಳ್ಳೆಯದಾಯಿತು, ಸೀಟು ಸಿಗಲಿ ನೋಡೋಣ ಎಂದೆ. ರೈಲಿನಲ್ಲಿ ಕೊಟ್ಟ ಸೂಪು ಬಿಸಿಯಿತ್ತು, ನಾಲಗೆ ಸುಟ್ಟುಕೊಂಡೆ.

ಡಿಸೆಂಬರ್ 20, ಗುರುವಾರ

ಸೀಟು ಸಿಕ್ಕಿದೆ. ಮಾರ್ಚ್ ಮೊದಲಿಗೆ ಬಿಟ್ಟು ಬರಬೇಕು. ಲಾವಣ್ಯಾ ಫೋನಿನಲ್ಲಿ ಅತ್ತಳು, ಆಮೇಲೆ ಯಾವ ಉಣ್ಣೆ ಬಟ್ಟೆ ಬೇಕು ಎಂದು ಕೇಳಿದಳು. ಜಗನ್ನಾಥ ಆಫೀಸಿನಲ್ಲಿ ಕೈ ಕುಲುಕಿದ. ನನಗೆ ಇವತ್ತು ತಲೆನೋವು.

ಜನವರಿ 13, 2008, ಭಾನುವಾರ

ಹೊಸ ಡೈರಿ. ಈ ಸಲ ಎಣ್ಣೆ ಕಂಪನಿಯವರದು.

ಒಂದು ವಾರದಿಂದ ಮಂಜು, ಎದುರಿನ ಬ್ಲಾಕೂ ಕಾಣುವುದಿಲ್ಲ. ಇಲ್ಲೇ ಇಷ್ಟು ಚಳಿಯಾದರೆ ಅಲ್ಲಿ ಹೇಗೆ ಎಂದು ಅನಂತರಾಮ್ ಅವರನ್ನು ಕೇಳಿದೆ. ಟಾನ್ಸಿಲ್ ವಿಷಯವನ್ನೂ ಹೇಳಿದೆ. ಅವರು ಮಫ್ಲರಿನೊಳಗಿಂದಲೇ ನಕ್ಕರು. "ಚಂದ್ರಶೇಖರ್, ಚಳಿ ಅವನಿಗಾ, ನಿಮಗಾ?"

ಸಂಜೆ ಚಿರಂತ್‌ನಿಗೆ ಹೇಳಿದೆ. ಇಲ್ಲೂ ಒಂದು ನಾಯಿ ಸಾಕಬಹುದು, ನಿನ್ನ ಕೋಣೆಗೆ ಬಂಕ್ ಮಂಚ ಮಾಡಿಸಬಹುದು, ಯಾವಾಗ ಬೇಕಾದರೂ ಫ್ರೆಂಡ್ಸನ್ನು ಕರೆದು ಮಲಗಿಸಿಕೋ, ಬೇಕಾದರೆ ನಾನು ಶನಿವಾರದ ಕೆಲಸ ಬಿಡುತ್ತೇನೆ. ಅವನು ನನ್ನನ್ನೇ ನೋಡಿದ. ರಾವತ್ ಸರ್ ಪಕ್ಕದಲ್ಲಿ ಕೂತಾಗ ಹೀಗೇ ನೋಡುತ್ತಿದ್ದನೇನೋ.

"ನಿಮಗೆ ನಾನು ಹೋಗೋದು ಬೇಡ್ವಾ?"

"ಹಾಗೇನಿಲ್ಲ."

"ಬೇಡ ಅಂದ್ರೆ ಹೋಗಲ್ಲ. ಓಕೆ?"

ಆ ಓಕೆ ಮತ್ತೆ ಬಂತು. ಮುಖದ ಮೇಲೆ ಬೇಸರವಿಲ್ಲ, ಹಟವಿಲ್ಲ. ನಾನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ದಿವಾನದ ಮೇಲೆ ಮಲಗಿ ಕಾಲು ಗೋಡೆಗೆ ಹಾಕುತ್ತಿದ್ದ.

ನೋಡೋಣ ಎಂದೆ.

ಜನವರಿ 14, ಸೋಮವಾರ

ಇವತ್ತು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಮಂಜು.

ಜನವರಿ 17, ಗುರುವಾರ

ಮಂಜು.

ಜನವರಿ 20, ಭಾನುವಾರ

ಬೆಳಿಗ್ಗೆ ಬಿಸಿಲು ಬಂತು. ಇಡೀ ಸೊಸೈಟಿ ಚಾಪೆ ತೆಗೆದುಕೊಂಡು ಟೆರೇಸಿಗೆ ಹತ್ತಿತು. ನಾವಿಬ್ಬರೂ ಹಸಿ ಬಟಾಣಿ ಸುಲಿಯುತ್ತಾ ಕೂತೆವು. ಅವನು ಸುಲಿಯುತ್ತಾನೆ, ನಾನು ತಿನ್ನುತ್ತೇನೆ ಎಂದು ಅವನ ದೂರು.

"ಹೋಗು" ಎಂದೆ.

"ಎಲ್ಲಿಗೆ?"

"ಸೋಲನ್‌ಗೆ. ನಿನಗೆ ಬೇಕು ಅಂದಿದ್ದೀಯ. ನಾನು ಬೇಡ ಅನ್ನಬಹುದು ಅಂತ ಅದನ್ನ ಬಿಡಬೇಡ."

ಅವನು ಬಟಾಣಿ ಸಿಪ್ಪೆಯನ್ನು ಬಗ್ಗಿಸಿ ಬಗ್ಗಿಸಿ ಮುರಿದ. "ಆಪ್ ಅಕೇಲೇ? ಒಬ್ಬರೇ?"

"ಮುಂದಿನ ವರ್ಷ ಅಮ್ಮ ಬಂದುಬಿಡ್ತಾಳೆ. ಅಲ್ಲೀತನಕ ನಾನು ನೋಡ್ಕೋತೀನಿ."

"ನಿಮಗೆ ಬೇಜಾರಾಗುತ್ತಾ?"

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ. "ಆಗುತ್ತೆ" ಎಂದು ಬಂತು. "ಆದ್ರೂ ಹೋಗು."

ಅವನು ಓಕೆ ಎನ್ನಲಿಲ್ಲ. ನನ್ನ ಹತ್ತಿರಕ್ಕೆ ಜರುಗಿ ಕೂತು ಕೆಲಸ ಹಂಚತೊಡಗಿದ. ಶನಿವಾರ ಗಿರಿಜಮ್ಮಜ್ಜಿಯ ಹತ್ತಿರ ಹೋಗಬೇಕು, ಅವರಿಗೆ ಅವಸರ ಮಾಡಬಾರದು. ಗಾರ್ಡಿನ ಮಗಳ ಪರೀಕ್ಷೆ ಮಾರ್ಚಿನಲ್ಲಿ, ಹೇಗಾಯಿತು ಎಂದು ಕೇಳಬೇಕು. ಸಕ್ಸೇನಾ ಅಂಕಲ್ ಜೊತೆ ಕ್ರಿಕೆಟ್ ನೋಡುವಾಗ ಸ್ವಲ್ಪ ದೂರ ಕೂರಬೇಕು.

ಎಲ್ಲದಕ್ಕೂ ಹೂಂ ಎಂದೆ. ಬಟಾಣಿ ಒಂದು ಹಿಡಿಯೂ ಉಳಿಯಲಿಲ್ಲ.

ಮಾರ್ಚ್ 2, ಭಾನುವಾರ

ನಿನ್ನೆ ಬಿಟ್ಟು ಬಂದೆವು. ಲಾವಣ್ಯಾ ಮಂಚಕ್ಕೆ ಹಾಸಿಗೆ ಹಾಸಿ, ಟ್ರಂಕಿನಲ್ಲಿ ಬಟ್ಟೆ ಜೋಡಿಸಿ, ಮತ್ತೆ ತೆಗೆದು ಮತ್ತೆ ಜೋಡಿಸಿದಳು. ತವಾಂಗಿನ ಹುಡುಗ ಪಕ್ಕದ ಮಂಚ ಹಿಡಿದಿಟ್ಟಿದ್ದ. ನಾವು ಹೊರಡುವಾಗ ಚಿರಂತ್ ಗೇಟಿನವರೆಗೆ ಬಂದ. ಅಮ್ಮನನ್ನು ತಬ್ಬಿಕೊಂಡ, ನನ್ನನ್ನೂ. ಆಮೇಲೆ ಹಿಂತಿರುಗಿ ಓಡಿದ. ಅವನು ಓಡುವುದನ್ನು ನೋಡುತ್ತಾ ನಿಂತೆವು. ಕಾಲುಗಳು ಉದ್ದವಾಗಿವೆ.

ಚಂಡೀಗಢದಲ್ಲಿ ಲಾವಣ್ಯಾ ಜೈಪುರದ ಬಸ್ಸು ಹಿಡಿದಳು. ಇವತ್ತು ನಾನೊಬ್ಬನೇ ರೈಲಿನಲ್ಲಿ. ಪೇಪರು ತೆರೆದುಕೊಂಡು ಕೂತಿದ್ದೆ, ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ.

ಅಂಬಾಲಾದಲ್ಲಿ ಪಕ್ಕದ ಸೀಟಿಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಸಫಾರಿ, ಮಡಿಲಲ್ಲಿ ಮಿಠಾಯಿ ಡಬ್ಬ. ಶುಭ ಸಮಾಚಾರವೇನೋ ಎಂದು ಕೇಳಿದೆ. ಪಾಣಿಪತ್‌ಗೆ ಹುಡುಗಿ ನೋಡಲು ಹೋಗುತ್ತಿದ್ದರು, ತಮ್ಮನ ಮಗನಿಗೆ. ತಮ್ಮ ಯಾಕೆ ಬರಲಿಲ್ಲ ಎಂದೆ. ತಮ್ಮನಿಗೂ ಅವರಿಗೂ ಮಾತಿಲ್ಲವಂತೆ, ಒಂಬತ್ತು ವರ್ಷದಿಂದ. ಒಂದೇ ಅಂಗಡಿ, ಮೈಕ್ರೋಸ್ಕೋಪ್ ಮಾರುವುದು. ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಶಟರ್ ಎತ್ತುತ್ತಾರೆ, ಒಬ್ಬ ಎಡಗಡೆ, ಒಬ್ಬ ಬಲಗಡೆ. "ಅವನಿಗೆ ಮನುಷ್ಯರನ್ನ ನೋಡಿ ತೂಗೋಕ್ಕೆ ಬರೋದಿಲ್ಲ ಭಾಯಿ ಸಾಹಬ್. ಎಲ್ಲರನ್ನೂ ನಂಬಿಬಿಡ್ತಾನೆ. ಅದಕ್ಕೇ ನಾನೇ ಬಂದೆ" ಎಂದರು. ಜಗಳಕ್ಕೆ ಕಾರಣವೂ ಅದೇ ಅಂತೆ.

ಪಾಣಿಪತ್ ಬಂತು. ಅವರು ಡಬ್ಬ ಎತ್ತಿ ಹೊರಟರು. ಆಗ ಹೊಳೆಯಿತು, ಮುಖ್ಯವಾದದ್ದನ್ನೇ ಕೇಳಲಿಲ್ಲ. ಚಿರಂತ್ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದ. ಜನರನ್ನು ದಾಟಿಕೊಂಡು ಬಾಗಿಲಿಗೆ ಓಡಿದೆ. ಅವರು ಪ್ಲಾಟ್‌ಫಾರ್ಮಿನಲ್ಲಿ ನಡೆಯುತ್ತಿದ್ದರು.

"ಭಾಯಿ ಸಾಹಬ್, ಮಾತೇ ಇಲ್ಲ ಅಂದಮೇಲೆ ಹುಡುಗಿ ನೋಡೋಕ್ಕೆ ಹೋಗು ಅಂತ ನಿಮಗೆ ಹೇಳಿದ್ದು ಯಾರು?"

ಅವರು ತಿರುಗಿ ನಕ್ಕರು. "ಅಮ್ಮ. ಅಂಗಡೀಲಿ ನಮ್ಮಿಬ್ಬರ ಮಧ್ಯೆ ಸ್ಟೂಲ್ ಹಾಕ್ಕೊಂಡು ಕೂರ್ತಾಳೆ. ಅವನು ಅವಳಿಗೆ ಹೇಳ್ತಾನೆ, ಅವಳು ನನಗೆ ಹೇಳ್ತಾಳೆ. ನನಗೆ ಅವನ ಮಾತು ಕೇಳಿಸಿರುತ್ತೆ, ಆದ್ರೂ ಅವಳು ಹೇಳೋವರೆಗೂ ಕಾಯ್ತೀನಿ." ರೈಲು ಹೊರಟಿತು. ಹುಡುಗಿಯ ಕಡೆಯವರಿಗೆ ಇದೆಲ್ಲಾ ಗೊತ್ತೋ ಎಂದು ಕೇಳಲು ಆಗಲಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಮನೆಯ ಫೋನು ಭಾನುವಾರ ಬೆಳಿಗ್ಗೆ ಮಾತ್ರ. ಮುಂದಿನ ಭಾನುವಾರ ಅವನಿಗೆ ಹೇಳುವಷ್ಟರಲ್ಲಿ ಒಂದು ಮಾತೂ ಮರೆಯದಿರಲಿ ಎಂದು, ಮನೆಗೆ ಬಂದವನು ಬೂಟು ಸಹ ಬಿಚ್ಚದೆ ಇದನ್ನು ಬರೆದಿಡುತ್ತಿದ್ದೇನೆ.